ಪಡಸಾಲೆಯ ಗೋಡೆ ಹೇಳುವ ಇತಿಹಾಸ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಈ ಎರಡೂ ಕೆಲಸಗಳಿಗೆ ಅಂಟಿಕೊಂಡೇ ಬರುವ ಮೂರನೆಯ ಕೆಲಸವೊಂದಿದೆ. ಅದೇ ಸುಣ್ಣ-ಬಣ್ಣ. ಮನೆ ಕಟ್ಟಿ ಮುಗಿದಾಗಲೂ ಬಣ್ಣ ಬೇಕು, ಮಗಳ ಮದುವೆ ಗೊತ್ತಾದಾಗಲೂ ಬಣ್ಣ ಬೇಕು. ರಮಜಾನ್ ಈದ್ ಹತ್ತಿರ ಬಂದಾಗ, ಊರ ಉರುಸು ಇದ್ದಾಗ, ದಸರಾ-ದೀಪಾವಳಿಗೆ ಮುಂಚೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಯಾವ ಓಣಿಗೆ ಹೋದರೂ ಏಣಿ, ಬಕೆಟ್ಟು, ಬ್ರಶ್ಶುಗಳು ಕಣ್ಣಿಗೆ ಬೀಳುತ್ತವೆ. ಮನೆಯೊಳಗೆ ಹಿರಿಯರು, ಮಕ್ಕಳು ಸೇರಿ ಶೇಡ್ ಕಾರ್ಡ್ ಹಿಡಿದುಕೊಂಡು ಪಡಸಾಲೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ವಾದ ಮಾಡುತ್ತಿರುತ್ತಾರೆ.

ಪ್ರಿಯ ಓದುಗರೇ, ಇಂದು ನಮ್ಮ ಮುಂದೆ ಸಾವಿರಾರು ಬಣ್ಣಗಳಿವೆ. ಕೇಳಿದ ಬಣ್ಣವನ್ನು ಅಂಗಡಿಯ ಯಂತ್ರ ಕೆಲವೇ ನಿಮಿಷಗಳಲ್ಲಿ ಬೆರೆಸಿ ಕೊಡುತ್ತದೆ. ಆದರೆ ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಗೋಡೆಗಳಿಗೆ ಇದ್ದದ್ದು ನಾಲ್ಕೈದೇ ಬಣ್ಣ. ಬಿಳಿ, ಕೆಂಪು, ಹಳದಿ, ತಿಳಿ ನೀಲಿ, ಅಪರೂಪಕ್ಕೆ ಹಸಿರು. ಅವರಿಗೆ ಬೇರೆ ಬಣ್ಣಗಳ ಆಸೆ ಇರಲಿಲ್ಲವೆಂದಲ್ಲ. ಆ ನಾಲ್ಕೈದು ಬಣ್ಣಗಳ ಹಿಂದೆ ಮಣ್ಣು, ಬೆಳಕು, ನೀರು, ಹವಾಮಾನ ಇವೆಲ್ಲವುಗಳ ತಿಳಿವಳಿಕೆ ಇತ್ತು. ಇಂದು ನಮಗೆ ಬಣ್ಣ ಹೆಚ್ಚಾಗಿದೆ, ಆ ತಿಳಿವಳಿಕೆ ಕಡಿಮೆಯಾಗಿದೆ. ಅದು ಪೂರ್ತಿ ಮರೆಯಾಗುವ ಮುನ್ನ ನಮ್ಮ ಪಡಸಾಲೆಯ ಗೋಡೆಯ ಇತಿಹಾಸವನ್ನು ಒಮ್ಮೆ ನೋಡುವುದು ಈ ಲೇಖನದ ಉದ್ದೇಶ.

ಹೆಸರುಗಳಲ್ಲೇ ಇರುವ ಇತಿಹಾಸ

ಮೊದಲು ಮಾತಿನಿಂದ ಆರಂಭಿಸೋಣ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಬಂದವರು ಕೂಡುವ ಜಾಗಕ್ಕೆ ಪಡಸಾಲೆ ಎನ್ನುತ್ತೇವೆ. ದೊಡ್ಡ ವಾಡೆಗಳಲ್ಲಿ ಅದೇ ದಿವಾನಖಾನೆ. ಪಡಸಾಲೆ ನಮ್ಮ ನಾಡಿನ ಹಳೆಯ ಮಾತು, ದಿವಾನಖಾನೆ ಫಾರಸಿಯಿಂದ ಬಂದದ್ದು. ಒಂದೇ ಕೋಣೆಗೆ ಎರಡು ಹೆಸರು, ಎರಡೂ ಈಗ ಕನ್ನಡವೇ.

ಆ ಕೋಣೆಯೊಳಗಿನ ವಸ್ತುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ ನೋಡಿ. ಖುರ್ಚಿ ಅರಬ್ಬಿಯ 'ಕುರ್ಸಿ'ಯಿಂದ ಬಂದದ್ದು. ತಸಬೀರು ಅರಬ್ಬಿಯ 'ತಸ್ವೀರ್'. ಮೇಜು, ಪರದೆ, ಗಾಲೀಚೆ, ಕಮಾನು, ಜಮಖಾನೆ ಇವೆಲ್ಲ ಫಾರಸಿಯ ದಾರಿಯಿಂದ ನಮ್ಮ ಮನೆ ಸೇರಿದವು. ಬಣ್ಣಕ್ಕೆ ನಾವು ಬಳಸುವ 'ರಂಗು' ಎಂಬ ಮಾತಿಗೆ ಫಾರಸಿಯ 'ರಂಗ್' ಜೊತೆಯಾಗಿದೆ. ಇವನ್ನು ಆಡುವಾಗ ಯಾರೂ ಇದು ಯಾರ ಮಾತು ಎಂದು ಕೇಳುವುದಿಲ್ಲ. ಹಿಂದೂಗಳ ಮನೆಯಲ್ಲೂ ಖುರ್ಚಿಯೇ, ಮುಸ್ಲಿಮರ ಮನೆಯಲ್ಲೂ ಪಡಸಾಲೆಯೇ. ಶತಮಾನಗಳ ಕಾಲ ಒಂದೇ ಓಣಿಯಲ್ಲಿ ಬಾಳಿದ ಜನರ ಒಡನಾಟ ಮಾತಿನಲ್ಲಿ ಹೀಗೆ ಉಳಿದುಕೊಂಡಿದೆ.

ಮಣ್ಣಿನ ಬಣ್ಣ, ಸುಣ್ಣದ ಬಿಳುಪು

ನಮ್ಮ ಭಾಗದ ಹಳೆಯ ಮನೆಗಳು ಕಲ್ಲು, ಮಣ್ಣುಗಳಿಂದ ಕಟ್ಟಿದವು. ಗೋಡೆ ಬಹಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಕಿಟಕಿಗಳು ಕಡಿಮೆ, ಇದ್ದರೂ ಸಣ್ಣವು. ಬೇಸಿಗೆಯ ಬಿಸಿಲು, ಧೂಳು, ಕಳ್ಳಕಾಕರ ಭಯ ಇವೆಲ್ಲವನ್ನೂ ಲೆಕ್ಕ ಹಾಕಿ ಕಟ್ಟಿದ ಮನೆಗಳು ಅವು. ಒಳಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ. ಅಷ್ಟು ಸ್ವಲ್ಪ ಬೆಳಕನ್ನು ಇಡೀ ಪಡಸಾಲೆಗೆ ಹಂಚುವ ಕೆಲಸವನ್ನು ಮಾಡುತ್ತಿದ್ದದ್ದು ಸುಣ್ಣ ಬಳಿದ ಬಿಳಿ ಗೋಡೆ. ವಿದ್ಯುತ್ತು ಇಲ್ಲದ ಕಾಲದಲ್ಲಿ ಬಿಳಿ ಗೋಡೆ ಅಲಂಕಾರಕ್ಕಿಂತ ಹೆಚ್ಚಾಗಿ ದೀಪಕ್ಕೆ ಒದಗಿದ ಸಹಾಯವಾಗಿತ್ತು. ಒಂದು ಕಂದೀಲಿನ ಬೆಳಕು ಬಿಳಿ ಗೋಡೆಯ ಕೋಣೆಯಲ್ಲಿ ಎಷ್ಟು ದೂರ ಹರಡುತ್ತದೆ ಎಂಬುದು ಅಂಥ ಬೆಳಕಿನಲ್ಲಿ ಓದಿದ ಹಿರಿಯರಿಗೆ ಗೊತ್ತು.

ಸುಣ್ಣ ತಯಾರಾಗುವ ಬಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಆಸಕ್ತಿಯ ವಿಷಯ. ಸುಣ್ಣಕಲ್ಲನ್ನು, ಇಲ್ಲವೇ ನಮ್ಮ ಎರೆಭೂಮಿಯಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿಯುತ್ತ ಅರಳುತ್ತದೆ. ಹೀಗೆ ಅರಳಿದ ಸುಣ್ಣವನ್ನು ಹಲವು ದಿನ ನೆನೆಯಲು ಬಿಟ್ಟು, ಸೋಸಿ, ತೆಳುವಾಗಿ ಗೋಡೆಗೆ ಬಳಿಯುತ್ತಾರೆ. ಗೋಡೆಯ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು ಗಟ್ಟಿಯಾಗುತ್ತದೆ. ಅಂದರೆ ಕಲ್ಲಾಗಿದ್ದದ್ದು ಸುಣ್ಣವಾಗಿ, ಗೋಡೆಯ ಮೇಲೆ ತೆಳುವಾದ ಕಲ್ಲಿನ ಪದರಾಗಿ ಮರಳುತ್ತದೆ. ಜೊತೆಗೆ ಹಸಿ ಸುಣ್ಣ ತೀವ್ರವಾದ ಕ್ಷಾರ. ಬೂಷ್ಟು ಮತ್ತು ಎಷ್ಟೋ ಕ್ರಿಮಿಗಳು ಅದರಲ್ಲಿ ಬದುಕಲಾರವು. ರೋಗದ ಕಾಲದಲ್ಲಿ ಊರಿಗೆ ಊರೇ ಸುಣ್ಣ ಬಳಿಯುತ್ತಿದ್ದದ್ದು ಸುಮ್ಮನೆ ಅಲ್ಲ.

ಈ ಕ್ಷಾರಗುಣವೇ ಹಳೆಯ ಮನೆಗಳಲ್ಲಿ ನಾಲ್ಕೈದೇ ಬಣ್ಣ ಏಕಿದ್ದವು ಎಂಬುದಕ್ಕೂ ಉತ್ತರ. ಸುಣ್ಣದೊಳಗೆ ಬೆರೆಸಿದರೆ ಹೂವು, ಎಲೆಗಳ ರಸದಿಂದ ತೆಗೆದ ಬಣ್ಣಗಳಲ್ಲಿ ಬಹುಪಾಲು ಕೆಟ್ಟುಹೋಗುತ್ತವೆ ಅಥವಾ ಬೇಗ ಮಾಸುತ್ತವೆ. ಕ್ಷಾರವನ್ನು ತಡೆದು ನಿಲ್ಲುವವು ಮುಖ್ಯವಾಗಿ ಮಣ್ಣಿನ ಬಣ್ಣಗಳು. ಕಬ್ಬಿಣದ ಅಂಶವಿರುವ ಕೆಮ್ಮಣ್ಣು, ಹುರಮಂಜು, ಹಳದಿ ಮಣ್ಣು ಇವು ನೂರಾರು ವರ್ಷವಾದರೂ ಬಣ್ಣಗೆಡುವುದಿಲ್ಲ. ಆದ್ದರಿಂದಲೇ ಮೇಲೆ ಬಿಳಿ ಸುಣ್ಣ, ಕೆಳಗೆ ಬೆನ್ನು ತಾಗುವಷ್ಟು ಎತ್ತರಕ್ಕೆ ಕೆಂಪು ಪಟ್ಟಿ ಎಂಬ ಪದ್ಧತಿ ಬೆಳೆಯಿತು. ಕೆಳಗಿನ ಪಟ್ಟಿ ಬೇಗ ಹೊಲಸಾಗುತ್ತದೆ, ಕೆಂಪು ಬಣ್ಣದಲ್ಲಿ ಆ ಹೊಲಸು ಎದ್ದು ಕಾಣುವುದಿಲ್ಲ. ಕೆಟ್ಟರೆ ಅಷ್ಟನ್ನೇ ಮತ್ತೆ ಬಳಿದರಾಯಿತು.

ಇನ್ನೊಂದು ಮಾತು ಮುಖ್ಯ. ನೆಲ ಸಾರಿಸುವುದು, ಗೋಡೆಗೆ ಮಣ್ಣು ಮೆತ್ತುವುದು, ಸುಣ್ಣ ಬಳಿಯುವುದು ಹಳ್ಳಿಗಳಲ್ಲಿ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೆಲಸವಾಗಿತ್ತು. ಯಾವ ಹೊಲದ ಮಣ್ಣು ಬಿರುಕು ಬಿಡುವುದಿಲ್ಲ, ಸುಣ್ಣಕ್ಕೆ ಎಷ್ಟು ಅಂಟು ಹಾಕಿದರೆ ಕೈಗೆ ಹತ್ತುವುದಿಲ್ಲ, ಯಾವ ಹೊತ್ತಿನಲ್ಲಿ ಬಳಿದರೆ ಪದರು ಎದ್ದು ಬರುವುದಿಲ್ಲ ಎಂಬ ಲೆಕ್ಕವೆಲ್ಲ ಅವರ ಕೈಯಲ್ಲಿತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಡಬ್ಬಿಯ ಬಣ್ಣ ಬಂದಾಗ ಕೆಲಸ ಪೇಂಟರ್‌ಗಳ ಕೈಗೆ ಹೋಯಿತು, ಅಜ್ಜಿಯರ ಲೆಕ್ಕ ಅಜ್ಜಿಯರಲ್ಲೇ ಉಳಿಯಿತು.

ಬಿಜಾಪುರದ ಗೋಡೆಗಳು

ಸಾಮಾನ್ಯರ ಮನೆಯಲ್ಲಿ ಹೀಗಿದ್ದರೆ ಅರಸರ ಮನೆಯಲ್ಲಿ ಹೇಗಿತ್ತು? ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1490ರಿಂದ 1686ರವರೆಗೆ ಆಳಿದ ಬಿಜಾಪುರದ ಆದಿಲಶಾಹಿಗಳ ಆಡಳಿತ ನಮ್ಮ ಭಾಗದವರೆಗೂ ಹರಡಿತ್ತು. ಬಿಜಾಪುರದಿಂದ ಗೋವೆಯ ಕಡೆಗೆ ಹೋಗುವ ವ್ಯಾಪಾರದ ದಾರಿಗಳು ಇಲ್ಲಿಂದಲೇ ಹಾದುಹೋಗುತ್ತಿದ್ದವು. 17ನೇ ಶತಮಾನದ ಯುರೋಪಿಯನ್ನರ ಬರಹಗಳಲ್ಲಿ ಅಥಣಿ, ರಾಯಬಾಗಗಳು ಹೆಸರಾದ ಪೇಟೆಗಳಾಗಿ ಬರುತ್ತವೆ. ಜರ್ಮನಿಯ ಪ್ರವಾಸಿ ಮ್ಯಾಂಡೆಲ್‌ಸ್ಲೊ ಭಾರತಕ್ಕೆ ಬಂದದ್ದು 1638ರಲ್ಲಿ. ಅವನ ಪ್ರವಾಸಕಥನದಲ್ಲೂ ಈ ಊರುಗಳ ಉಲ್ಲೇಖವಿದೆ. ರಾಜಧಾನಿಯ ರುಚಿ, ರೀತಿಗಳು ಸರಕಿನ ಜೊತೆಯಲ್ಲೇ ಇಂಥ ಪೇಟೆಗಳ ಮೂಲಕ ಸಾಗುತ್ತಿದ್ದವು.

ಇಂದು ವಿಜಯಪುರವೆಂದು ಕರೆಯುವ ಆ ನಗರಕ್ಕೆ ಶಾಲಾ ಪ್ರವಾಸ ಹೋದವರು ಗೋಳಗುಮ್ಮಟ ನೋಡಿ, ಪಿಸುಮಾತು ಕೇಳಿಸುವ ಗ್ಯಾಲರಿಯಲ್ಲಿ ಕೂಗಿ ಬರುತ್ತಾರೆ. ಆ ಬೃಹತ್ ಗುಮ್ಮಟ ನಿಂತಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಬಲದ ಮೇಲೆ ಎಂಬುದನ್ನು ಮಾತ್ರ ಬಹಳ ಜನ ಗಮನಿಸುವುದಿಲ್ಲ. ಮುಂದಿನ ಸಲ ಹೋದಾಗ ಜಾಮಿ ಮಸೀದಿಯ ಮಿಹ್ರಾಬನ್ನು ನಿಧಾನವಾಗಿ ನೋಡಿರಿ. ಮಸೀದಿಯನ್ನು ಕಟ್ಟಲು ಆರಂಭಿಸಿದವನು ಒಂದನೆಯ ಅಲಿ ಆದಿಲಶಾಹ. ಮಿಹ್ರಾಬಿನ ಅಲಂಕಾರ ಅನಂತರದ್ದು. ಮುಹಮ್ಮದ್ ಆದಿಲಶಾಹನ ಆಜ್ಞೆಯಂತೆ 1636ರಲ್ಲಿ ಮಲಿಕ್ ಯಾಕೂತ್ ಎಂಬಾತ ಅದನ್ನು ಮಾಡಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಚಿನ್ನದ ಲೇಪ, ಗಾಢವಾದ ಬಣ್ಣಗಳು, ಸುಂದರವಾದ ಅಕ್ಷರಗಳು ಅಲ್ಲಿವೆ. ಅದರಲ್ಲಿ ಬಿಡಿಸಿರುವ ಮಾಡಗಳನ್ನು ನೋಡಬೇಕು. ಗೋಡೆಯಲ್ಲಿ ನಿಜವಾದ ಮಾಡಗಳೇ ಇವೆಯೇನೋ ಎಂಬಂತೆ ಚಿತ್ರಿಸಿ, ಅವುಗಳೊಳಗೆ ಹೂವಿನ ಕುಂಡಗಳನ್ನೂ ಪುಸ್ತಕಗಳನ್ನೂ ಬರೆದಿದ್ದಾರೆ. ಮನುಷ್ಯರ, ಪ್ರಾಣಿಗಳ ಚಿತ್ರ ಬರೆಯುವಂತಿಲ್ಲದ ಜಾಗವದು. ಅಂಥಲ್ಲಿ ಅಲಂಕಾರಕ್ಕೆ ಏನು ಇಡಬೇಕೆಂದು ಯೋಚಿಸಿದ ಕಲಾವಿದನಿಗೆ ಹೂವಿನ ಪಕ್ಕದಲ್ಲಿ ನೆನಪಾದದ್ದು ಪುಸ್ತಕ.

ಅರಮನೆಗಳ ರೀತಿ ಬೇರೆಯಾಗಿತ್ತು. ಸುಮಾರು 1646ರಲ್ಲಿ ಕಟ್ಟಿದ ಅಸಾರ್ ಮಹಲ್ ಮೊದಲು ನ್ಯಾಯದಾನದ ಕಟ್ಟಡವಾಗಿತ್ತು, ಅನಂತರ ಪವಿತ್ರ ಅವಶೇಷಗಳನ್ನು ಇಡುವ ಸ್ಥಳವಾಯಿತು. ತೇಗದ ಎತ್ತರದ ಕಂಬಗಳಿರುವ ಆ ಕಟ್ಟಡದ ಮೇಲಂತಸ್ತಿನ ಕೋಣೆಗಳ ಗೋಡೆಗಳ ಮೇಲೆ ಬಳ್ಳಿ, ಹೂಕುಂಡಗಳ ಚಿತ್ರಗಳಿವೆ. ಒಂದು ಕೋಣೆಯಲ್ಲಿ ಮನುಷ್ಯರ ಚಿತ್ರಗಳೂ ಇದ್ದವು, ಈಗ ಬಹಳ ಹಾಳಾಗಿವೆ. ವಿಜಯಪುರದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಕುಮಟಗಿಯಲ್ಲಿ ಆದಿಲಶಾಹಿಗಳ ಬೇಸಿಗೆಯ ವಿಹಾರಸ್ಥಾನವಿದೆ. ನೀರಿನ ನಡುವೆ ಕಟ್ಟಿದ ಮಂಟಪ, ಕಾರಂಜಿಗಳು, ಗೋಡೆಯ ಮೇಲೆ ಕುದುರೆ ಏರಿ ಪೋಲೊ ಆಡುವವರು, ಕುಸ್ತಿಪಟುಗಳು, ವಾದ್ಯಗಾರರು, ಯುರೋಪಿನ ವೇಷದವರು. ಹೆನ್ರಿ ಕಸೆನ್ಸ್ ಎಂಬ ಪುರಾತತ್ವ ಅಧಿಕಾರಿ 1916ರಲ್ಲಿ ಪ್ರಕಟಿಸಿದ ಬಿಜಾಪುರದ ಕಟ್ಟಡಗಳ ಕುರಿತ ದೊಡ್ಡ ಗ್ರಂಥದಲ್ಲಿ ಕುಮಟಗಿಯ ವಿವರಗಳಿವೆ. ಇಂದು ಅಲ್ಲಿಗೆ ಹೋದವರಿಗೆ ಆ ಚಿತ್ರಗಳ ಮಸುಕಾದ ಗುರುತುಗಳಷ್ಟೇ ಸಿಗುತ್ತವೆ. ಮಳೆನೀರು, ತೇವ ಮತ್ತು ಗೋಡೆಯ ಮೇಲೆ ಹೆಸರು ಕೆತ್ತುವ ಪ್ರವಾಸಿಗರ ಚಟ ಇವು ಇಂಥ ಚಿತ್ರಗಳ ದೊಡ್ಡ ಶತ್ರುಗಳು. ಒಮ್ಮೆ ಕಳೆದುಹೋದ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನೆಲದ ಮೇಲಿನ ರಂಗು

ಪಡಸಾಲೆಯ ಅಲಂಕಾರ ಎಂದರೆ ಗೋಡೆ ಮಾತ್ರವಲ್ಲ. ನಮ್ಮ ಭಾಗದಲ್ಲಿ ಬೂದುಬಣ್ಣದ ಶಹಾಬಾದಿ ಫರ್ಶಿ ಹಾಕಿದ ನೆಲ ಸಾಮಾನ್ಯ. ಅದಕ್ಕೂ ಮೊದಲು ಸೆಗಣಿಯಿಂದ ಸಾರಿಸಿದ ನೆಲ. ಗೋಡೆ ಬಿಳಿ, ನೆಲ ಬೂದು. ಹಾಗಿದ್ದರೆ ಕೋಣೆಗೆ ರಂಗು ಬರುತ್ತಿದ್ದದ್ದು ಎಲ್ಲಿಂದ? ಹಾಸಿಗೆಗಳಿಂದ. ಬಂದವರಿಗೆ ಹಾಸುವ ಜಮಖಾನೆ, ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ, ಗಾದಿ, ಲೋಡು. ಬೇಕಾದಾಗ ಹಾಸಿ, ಬೇಡವಾದಾಗ ಸುತ್ತಿ ಇಡಬಹುದಾದ ಅಲಂಕಾರವಿದು. ಹಗಲು ಹತ್ತು ಜನರು ಕೂಡುವ ಪಡಸಾಲೆ ರಾತ್ರಿ ಮಲಗುವ ಮನೆಯಾಗುತ್ತಿತ್ತು.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ ಇದರಲ್ಲಿ ವಿಶೇಷವಾಗಿ ಉಲ್ಲೇಖನೀಯ. ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳು ಮನೆಯೊಳಗೆ ನಿಲ್ಲಿಸಿದ ಮಗ್ಗದ ಮೇಲೆ ಹತ್ತಿಯ ನೂಲಿನಿಂದ ಜಮಖಾನೆ ಮತ್ತು ನಮಾಜಿನ ಜಾನಮಾಜುಗಳನ್ನು ನೇಯುತ್ತ ಬಂದಿದ್ದಾರೆ. ಈ ನೇಕಾರ ಕುಟುಂಬಗಳ ಮೂಲ ಬಿಜಾಪುರ ಎಂಬುದು ಅವರ ಪರಂಪರೆಯ ಮಾತು. ಕೆಂಪು, ಹಳದಿ, ನೀಲಿ, ಹಸಿರು ಪಟ್ಟೆಗಳು, ಚೌಕಗಳು, ನವಿಲಿನ ಆಕೃತಿಗಳು ಇವುಗಳಲ್ಲಿರುತ್ತವೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೂ ಕೈಯಿಂದ ನೇಯುವವರ ಸಂಖ್ಯೆ ಈಗ ತೀರ ಕಡಿಮೆಯಾಗಿದೆ. ಯಂತ್ರದಲ್ಲಿ ತಯಾರಾದ ಪ್ಲಾಸ್ಟಿಕ್ ನೂಲಿನ ಚಾಪೆ ಅಗ್ಗವಾಗಿ ಸಿಗುವಾಗ ಹಲವು ದಿನಗಳ ಕೈಕೆಲಸಕ್ಕೆ ಬೆಲೆ ಕೊಡುವವರು ವಿರಳ. ನಾವು ಸೋಫಾಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವಾಗ ನಮ್ಮ ನಾಡಿನ ಒಂದು ಜಮಖಾನೆಯನ್ನೂ ನೆನೆಸಿಕೊಂಡರೆ ಅದು ಆ ತಾಯಂದಿರ ಕಲೆಗೆ ಆಸರೆಯಾಗುತ್ತದೆ.

ಡಬ್ಬಿಯಲ್ಲಿ ಬಂದ ಬಣ್ಣ

19ನೇ ಶತಮಾನದಲ್ಲಿ ಬಣ್ಣದ ಜಗತ್ತಿನಲ್ಲಿ ದೊಡ್ಡ ಬದಲಾವಣೆಯಾಯಿತು. ಅದಕ್ಕೆ ನೀಲಿ ಬಣ್ಣ ಒಳ್ಳೆಯ ಉದಾಹರಣೆ. ಅಫಘಾನಿಸ್ತಾನದ ಬದಖ್ಶಾನದ ಗಣಿಗಳಲ್ಲಿ ಸಿಗುವ ಲಾಜವರ್ದ್ ಎಂಬ ನೀಲಿ ಕಲ್ಲನ್ನು ಅರೆದು ತೆಗೆದ ನೀಲಿ ಹಿಂದಿನ ಕಾಲದಲ್ಲಿ ಬಹಳ ದುಬಾರಿಯಾಗಿತ್ತು. ಅರಸರ ಗ್ರಂಥಗಳಲ್ಲಿ, ಚಿತ್ರಗಳಲ್ಲಿ ಮಾತ್ರ ಅದಕ್ಕೆ ಸ್ಥಾನ. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಎಂಬ ರಸಾಯನಶಾಸ್ತ್ರಜ್ಞ ಅದೇ ನೀಲಿಯನ್ನು ಜೇಡಿಮಣ್ಣು, ಸೋಡಾ, ಗಂಧಕಗಳಿಂದ ಕೃತಕವಾಗಿ ತಯಾರಿಸುವ ವಿಧಾನ ಕಂಡುಹಿಡಿದ. ಬೆಲೆ ಒಮ್ಮೆಲೇ ಕುಸಿಯಿತು. ಬಟ್ಟೆಗೆ ಹಾಕುವ ನೀಲಿಯಾಗಿ ಅದು ಹಳ್ಳಿಯ ಕಿರಾಣಿ ಅಂಗಡಿಗೂ ಬಂತು. ಸುಣ್ಣದ ಕ್ಷಾರವನ್ನು ತಡೆಯುವ ಗುಣವೂ ಅದಕ್ಕಿತ್ತು. ಹೀಗಾಗಿ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕಿದರೆ ಬಿಳುಪು ಇನ್ನಷ್ಟು ಹೊಳೆಯುತ್ತದೆ, ಹೆಚ್ಚು ಹಾಕಿದರೆ ಗೋಡೆ ತಿಳಿ ನೀಲಿಯಾಗುತ್ತದೆ ಎಂಬುದು ಮನೆಮನೆಯ ತಿಳಿವಳಿಕೆಯಾಯಿತು. ಅದಕ್ಕೆ ಹಳದಿ ಮಣ್ಣು ಸೇರಿಸಿದರೆ ಹಸಿರು. ಒಂದು ಕಾಲಕ್ಕೆ ಬಾದಶಹರಿಗಷ್ಟೇ ದಕ್ಕುತ್ತಿದ್ದ ನೀಲಿ ಕೂಲಿಕಾರನ ಪಡಸಾಲೆಗೂ ಬಂದದ್ದು ಹೀಗೆ.

ಕಾರ್ಖಾನೆಯ ಬಣ್ಣಗಳೂ ಬಂದವು. ಭಾರತದಲ್ಲಿ ಮೊದಲ ದೊಡ್ಡ ಬಣ್ಣದ ಕಾರ್ಖಾನೆ 1902ರಲ್ಲಿ ಕಲಕತ್ತೆಯ ಹತ್ತಿರದ ಹೌರಾದಲ್ಲಿ ಆರಂಭವಾಯಿತು. ಅದೇ ಶಾಲಿಮಾರ್. 1942ರಲ್ಲಿ ಮುಂಬಯಿಯಲ್ಲಿ ನಾಲ್ವರು ಗೆಳೆಯರು ಏಷ್ಯನ್ ಪೇಂಟ್ಸ್ ಆರಂಭಿಸಿದರು. ಅದರ ಡಬ್ಬಿಗಳ ಮೇಲಿದ್ದ, ಕೈಯಲ್ಲಿ ಬ್ರಶ್ಶು ಹಿಡಿದ ತುಂಟ ಹುಡುಗ 'ಗಟ್ಟು'ವನ್ನು 1954ರಲ್ಲಿ ಬರೆದುಕೊಟ್ಟವರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್. ಮೊದಲು ಡಿಸ್ಟೆಂಪರ್ ಬಂತು, ಜೊತೆಗೆ ಕೆಳಪಟ್ಟಿಗೆ ಆಯಿಲ್ ಪೇಂಟ್, ಹೊರಗೋಡೆಗೆ ಸಿಮೆಂಟ್ ಬಣ್ಣ, ಅನಂತರ ಪ್ಲಾಸ್ಟಿಕ್ ಎಮಲ್ಶನ್. ಇಂದಿನ ಅಚ್ಚ ಬಿಳಿಯ ಹಿಂದಿರುವುದು ಟೈಟಾನಿಯಂ ಡೈಆಕ್ಸೈಡ್. ಅದರ ಕಚ್ಚಾವಸ್ತುವಾದ ಇಲ್ಮನೈಟ್ ಕೇರಳದ ಕಡಲತೀರದ ಮರಳಿನಲ್ಲೂ ಸಿಗುತ್ತದೆ. ತಂಬಾಕು, ಕಬ್ಬು ನಮ್ಮ ಭಾಗದ ಕೈಯಲ್ಲಿ ರೊಕ್ಕ ಓಡಾಡುವಂತೆ ಮಾಡಿದ ಹಾಗೆ ಸಿಮೆಂಟಿನ ಮನೆಗಳು ಎದ್ದವು, ಅವುಗಳ ಜೊತೆ ಈ ಬಣ್ಣಗಳು ನಿಪ್ಪಾಣಿಯ ಪೇಟೆಯಿಂದ ಹಿಡಿದು ಹಳ್ಳಿಯ ಹಾರ್ಡ್‌ವೇರ್ ಅಂಗಡಿಯವರೆಗೆ ತಲುಪಿದವು.

ಗೋಡೆಗೆ ತೂಗುವ ತಸಬೀರುಗಳ ಇತಿಹಾಸವೂ ಇದೇ ಕಾಲದ್ದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಬಣ್ಣದ ಅಚ್ಚಿನ ಚಿತ್ರಗಳು ಸಾಮಾನ್ಯರ ಕೈಗೆ ಸಿಕ್ಕವು. ಮುಸ್ಲಿಮರ ಮನೆಗಳಲ್ಲಿ ಮಕ್ಕಾ-ಮದೀನಾದ ಚಿತ್ರಗಳು, ಚೌಕಟ್ಟು ಹಾಕಿದ ಸುಂದರ ಅಕ್ಷರಗಳು ಬಂದವು. ನಿಪ್ಪಾಣಿಯಿಂದ ಹತ್ತಿರದಲ್ಲೇ ಇರುವ ಕೊಲ್ಹಾಪುರದಲ್ಲಿ ಅಬಾಲಾಲ್ ರಹಿಮಾನ್ ಎಂಬ ಮಹಾನ್ ಚಿತ್ರಕಾರರಿದ್ದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಶಾಹೂ ಮಹಾರಾಜರ ಆಶ್ರಯ ಪಡೆದು, ತಮ್ಮ ಊರಿನ ಕೆರೆ, ನದಿ, ಬೆಳಕುಗಳನ್ನೇ ಚಿತ್ರಿಸುತ್ತ 1931ರಲ್ಲಿ ತೀರಿಕೊಂಡರು. ರಾಯಬಾಗವೂ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಇಂದು ನಾವು ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟದ ಪೋಸ್ಟರನ್ನು ಪಡಸಾಲೆಗೆ ಅಂಟಿಸುತ್ತೇವೆ. ನಮ್ಮ ಕೃಷ್ಣೆಯ ದಂಡೆಯ ಚಿತ್ರ ಅಷ್ಟೇ ಚೆಲುವಾಗಿರಬಲ್ಲದು ಎಂಬುದನ್ನು ಅಬಾಲಾಲರ ಬದುಕು ನೆನಪಿಸುತ್ತದೆ.

ಗೋಡೆಯೂ ಉಸಿರಾಡುತ್ತದೆ

ಹೊಸ ಬಣ್ಣಗಳು ಕೆಟ್ಟವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಸಿಮೆಂಟ್ ಗೋಡೆಗೆ ಅವು ಒಪ್ಪುತ್ತವೆ, ಒರೆಸಿದರೆ ಸ್ವಚ್ಛವಾಗುತ್ತವೆ, ವರ್ಷವರ್ಷ ಬಳಿಯುವ ಕಷ್ಟವಿಲ್ಲ. ಆದರೆ ಕಲ್ಲು-ಮಣ್ಣಿನ ಹಳೆಯ ಗೋಡೆಯ ಸ್ವಭಾವ ಬೇರೆ. ಅದು ನೆಲದಿಂದ ತೇವವನ್ನು ಎಳೆದುಕೊಳ್ಳುತ್ತದೆ, ಬಿಸಿಲು ಬಿದ್ದಾಗ ಹೊರಗೆ ಬಿಡುತ್ತದೆ. ಸುಣ್ಣದ ಪದರಿನೊಳಗಿಂದ ತೇವ ಸುಲಭವಾಗಿ ಹೊರಹೋಗುತ್ತದೆ. ಆಯಿಲ್ ಪೇಂಟ್ ಅಥವಾ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉಬ್ಬಿ ಹೊಪ್ಪಳಿಕೆ ಏಳುತ್ತದೆ, ಬಿಳಿ ಉಪ್ಪು ಹೊರಬರುತ್ತದೆ, ಒಳಗಿನ ಮಣ್ಣು ಮೆತ್ತಗಾಗಿ ಗೋಡೆಯೇ ದುರ್ಬಲವಾಗುತ್ತದೆ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯಲ್ಲಿರುವ ನಮಗೆ ಇದು ಪುಸ್ತಕದ ಮಾತಲ್ಲ. 2005, 2019 ಮತ್ತು 2021ರ ಮಹಾಪೂರಗಳನ್ನು ಈ ತಾಲೂಕುಗಳ ಜನ ಕಣ್ಣಾರೆ ಕಂಡಿದ್ದಾರೆ. ವಿಶೇಷವಾಗಿ 2019ರ ಆಗಸ್ಟ್‌ನಲ್ಲಿ ನೀರು ಹಲವು ದಿನ ಮನೆಗಳೊಳಗೇ ನಿಂತಿತ್ತು. ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಉಳಿದ ಮನೆಗಳಲ್ಲಿ ನೀರಿನ ಗುರುತು ಗೋಡೆಯ ಮೇಲೆ ಗೆರೆ ಎಳೆದಂತೆ ನಿಂತಿತು. ಆ ಗೆರೆಯನ್ನು ಬೇಗ ಮರೆಮಾಡಬೇಕೆಂಬ ಆತುರ ಸಹಜ. ಆದರೆ ಪೂರದಲ್ಲಿ ನೆಂದ ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು. ಪೂರ್ತಿ ಒಣಗುವ ಮೊದಲು ಬಣ್ಣ ಹೊಡೆಸಿದರೆ ರೊಕ್ಕವೂ ಹೋಗುತ್ತದೆ, ಗೋಡೆಯೂ ಕೆಡುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ಮೊದಲ ವರ್ಷ ಬರೀ ಸುಣ್ಣ ಬಳಿಯುವುದು ಹಳೆಯ ಗೋಡೆಗೆ ಕ್ಷೇಮ.

ಮಕ್ಕಳ ಆರೋಗ್ಯದ ಮಾತೂ ಇಲ್ಲಿದೆ. ಹಿಂದಿನ ಎಷ್ಟೋ ಎನಾಮೆಲ್ ಮತ್ತು ಆಯಿಲ್ ಪೇಂಟ್‌ಗಳಲ್ಲಿ ಸೀಸ ಇರುತ್ತಿತ್ತು. ಸೀಸ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ವಿಷ. ಭಾರತ ಸರಕಾರ 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ಗೊತ್ತುಪಡಿಸಿತು. ಅದು 2017ರ ನವೆಂಬರ್‌ನಿಂದ ಜಾರಿಗೆ ಬಂದಿದೆ. ಹೊಸ ಡಬ್ಬಿ ಕೊಳ್ಳುವಾಗ ಅದರ ಮೇಲೆ ಸೀಸದ ಬಗ್ಗೆ ಏನು ಬರೆದಿದೆ ಎಂದು ಓದಿರಿ. ಹಳೆಯ ಬಾಗಿಲು, ಕಿಟಕಿಗಳ ಬಣ್ಣವನ್ನು ಒಣಗಿದ್ದಾಗ ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಒದ್ದೆ ಮಾಡಿ ಉಜ್ಜಬೇಕು, ಆ ಹೊತ್ತು ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ದೂರ ಇಡಬೇಕು, ಪೇಂಟರ್ ಕೂಡ ಮೂಗು-ಬಾಯಿಗೆ ಮಾಸ್ಕ್ ಹಾಕಿಕೊಳ್ಳಬೇಕು.

ಬಣ್ಣ ಆರಿಸುವ ಮುನ್ನ

ಈ ಇತಿಹಾಸದಿಂದ ನಮ್ಮ ಇಂದಿನ ಪಡಸಾಲೆಗೆ ಸಿಗುವ ಪಾಠವೇನು? ಹಿರಿಯರು ಮೊದಲು ಗೋಡೆಯನ್ನು ನೋಡುತ್ತಿದ್ದರು, ಆಮೇಲೆ ಬಣ್ಣವನ್ನು. ನಾವೂ ಹಾಗೆಯೇ ಮಾಡಬಹುದು. ಗೋಡೆ ಮಣ್ಣಿನದೋ ಸಿಮೆಂಟಿನದೋ, ತೇವವಿದೆಯೋ ಎಂದು ಮೊದಲು ತಿಳಿಯಿರಿ. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನೋಡಿರಿ. ಪಡುವಣ ಬಿಸಿಲು ಬೀಳುವ ಕೋಣೆಗೆ ಕೆಂಪು, ಕಿತ್ತಳೆಗಳು ಸಂಜೆ ಮತ್ತಷ್ಟು ಕಾವೇರಿದಂತೆ ಕಾಣುತ್ತವೆ. ಬೆಳಕು ಕಡಿಮೆಯಿರುವ ಚಿಕ್ಕ ಕೋಣೆಗೆ ತಿಳಿ ಬಣ್ಣವೇ ಹಿತ. ನೆಲದ ಫರ್ಶಿಯ ಬಣ್ಣವನ್ನು ಮರೆಯಬೇಡಿರಿ, ಏಕೆಂದರೆ ಅದು ಬದಲಾಗುವುದಿಲ್ಲ. ಶೇಡ್ ಕಾರ್ಡಿನ ಚಿಕ್ಕ ಚೌಕವನ್ನು ನಂಬಿ ಇಡೀ ಮನೆಗೆ ಬಣ್ಣ ತರಬೇಡಿರಿ. ಗೋಡೆಯ ಮೇಲೆ ಎರಡು ಅಡಿ ಜಾಗಕ್ಕೆ ಬಳಿದು, ಬೆಳಗ್ಗೆ, ಸಂಜೆ ಮತ್ತು ದೀಪದ ಬೆಳಕಿನಲ್ಲಿ ಮೂರು ಸಲ ನೋಡಿರಿ. ಅದೇ ಬಣ್ಣ ಮೂರು ಬಣ್ಣವಾಗಿ ಕಾಣುವುದು ಆಗ ತಿಳಿಯುತ್ತದೆ.

ಇನ್ನೊಂದು ಭ್ರಮೆಯೂ ಬೇಡ. ಮುಸ್ಲಿಮರ ಮನೆಯೆಂದರೆ ಹಸಿರೇ ಇರಬೇಕು, ಇನ್ನೊಬ್ಬರ ಮನೆಯೆಂದರೆ ಇಂಥದ್ದೇ ಬಣ್ಣ ಇರಬೇಕು ಎಂಬ ಕಟ್ಟಳೆ ಎಲ್ಲಿಯೂ ಇಲ್ಲ. ಬಣ್ಣಗಳು ಮಣ್ಣಿನಿಂದ ಬಂದವು, ಮಣ್ಣು ಎಲ್ಲರದು. ಹಾಗೆಯೇ ನೆರೆಮನೆಯವರು ಮಾಡಿಸಿದರೆಂದು ಸಾಲ ತಂದು ಪಿಒಪಿ ಛತ್ತು, ಬಣ್ಣಬಣ್ಣದ ದೀಪ ಹಾಕಿಸುವುದು ಅಲಂಕಾರವಲ್ಲ, ಹೊರೆ. ಪಡಸಾಲೆ ಇರುವುದು ಬಂದವರಿಗೆ ನಮ್ಮ ಸಿರಿತನ ತೋರಿಸಲಿಕ್ಕಲ್ಲ. ಬಂದವರು ಸಂಕೋಚವಿಲ್ಲದೆ ಕೂಡುವಂತಿರಬೇಕು, ಮಕ್ಕಳು ಕುಳಿತು ಓದುವಂತಿರಬೇಕು.

ವಿದ್ಯಾರ್ಥಿ ಮಿತ್ರರಿಗೆ

ವಿದ್ಯಾರ್ಥಿ ಮಿತ್ರರೇ, ಕೊನೆಯದಾಗಿ ನಿಮಗೊಂದು ಕೆಲಸ. ಇತಿಹಾಸವೆಂದರೆ ಅರಸರ ಹೆಸರು, ಯುದ್ಧಗಳ ಇಸವಿ ಮಾತ್ರ ಎಂದು ತಿಳಿಯಬೇಡಿರಿ. ನಿಮ್ಮ ಮನೆಯ ಅಥವಾ ಅಜ್ಜನ ಮನೆಯ ಹಳೆಯ ಗೋಡೆಯಲ್ಲಿ ಸುಣ್ಣ ಕಿತ್ತುಬಂದ ಜಾಗವನ್ನು ಹತ್ತಿರದಿಂದ ನೋಡಿರಿ. ಮೇಲೆ ಎಮಲ್ಶನ್, ಅದರ ಕೆಳಗೆ ಡಿಸ್ಟೆಂಪರ್, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ, ಅದರ ಕೆಳಗೆ ಬಿಳಿ ಸುಣ್ಣ, ಎಲ್ಲಕ್ಕೂ ಕೆಳಗೆ ಮಣ್ಣು. ಹಳೆಯ ಕಟ್ಟಡಗಳನ್ನು ಸಂರಕ್ಷಿಸುವ ತಜ್ಞರು ಮಾಡುವುದೂ ಇದನ್ನೇ. ಅವರು ಪದರು ಪದರಾಗಿ ನೋಡಿ ಯಾವ ಕಾಲದಲ್ಲಿ ಯಾವ ಬಣ್ಣವಿತ್ತೆಂದು ಗುರುತಿಸುತ್ತಾರೆ. ಅದರ ಫೋಟೋ ತೆಗೆಯಿರಿ. ಆಮೇಲೆ ನಿಮ್ಮ ದಾದಿಮಾ, ನಾನಿಮಾ, ಪಕ್ಕದ ಮನೆಯ ಅಜ್ಜಿ ಇವರ ಹತ್ತಿರ ಕುಳಿತು ಕೇಳಿರಿ. ಸುಣ್ಣವನ್ನು ಎಷ್ಟು ದಿನ ನೆನೆಹಾಕುತ್ತಿದ್ದಿರಿ? ಕೆಮ್ಮಣ್ಣು ಎಲ್ಲಿಂದ ತರುತ್ತಿದ್ದಿರಿ? ಅಂಟಿಗೆ ಏನು ಹಾಕುತ್ತಿದ್ದಿರಿ? ಅವರು ಹೇಳಿದ ಮಾತಿನಲ್ಲೇ, ಅವರು ಆಡಿದ ಶಬ್ದಗಳಲ್ಲೇ ಬರೆದಿಡಿರಿ. ಬಿಜಾಪುರದ ಗೋಡೆಗಳ ಬಗ್ಗೆ ಗ್ರಂಥಗಳಿವೆ. ನಮ್ಮ ಹಳ್ಳಿಗಳ ಗೋಡೆಗಳ ಬಗ್ಗೆ ಬರೆಯುವವರು ನೀವೇ ಆಗಬೇಕು, ಅದೂ ಆ ಹಿರಿಯರು ನಮ್ಮ ನಡುವೆ ಇರುವಾಗಲೇ.

ಹಳೆಯ ಮನೆ ಕೆಡವಿ ಹೊಸದು ಕಟ್ಟುವವರು ಒಂದು ಸಣ್ಣ ಮಾಡವನ್ನಾದರೂ ಪಡಸಾಲೆಯ ಗೋಡೆಯಲ್ಲಿ ಉಳಿಸಿಕೊಳ್ಳಲಿ. ಹಿಂದೆ ಅಲ್ಲಿ ದೀಪ ಇಡುತ್ತಿದ್ದರು. ಈಗ ವಿದ್ಯುತ್ತು ಇದೆ, ದೀಪದ ಜಾಗ ಖಾಲಿಯಾಗಿದೆ. 1636ರಲ್ಲಿ ಒಬ್ಬ ಕಲಾವಿದ ಗೋಡೆಯ ಮೇಲೆ ಮಾಡ ಬರೆದು ಅದರೊಳಗೆ ಪುಸ್ತಕದ ಚಿತ್ರ ಇಟ್ಟ. ನಮ್ಮ ಮನೆಯ ಮಾಡದಲ್ಲಿ ಚಿತ್ರದ ಪುಸ್ತಕ ಬೇಡ, ನಿಜವಾದ ನಾಲ್ಕು ಪುಸ್ತಕಗಳಿರಲಿ, ಕೈಗೆಟುಕುವ ಎತ್ತರದಲ್ಲಿ. ಗೋಡೆಗೆ ಯಾವ ಬಣ್ಣವಿದ್ದರೂ ಅವು ಒಪ್ಪುತ್ತವೆ.